ಅನುಮಾನದ ತಟ್ಟೆ

ಎಡಚಕ್ಕ ಸೊಪ್ಪು ಬಿಡಿಸಲು ಕೂತಳೆಂದರೆ ಅವಳ ಸುತ್ತ ಮೂರು ರಾಶಿ ಏಳುತ್ತಿದ್ದವು. ಎಡಕ್ಕೆ ದೊಡ್ಡ ಬುಟ್ಟಿಯಲ್ಲಿ ಒಳ್ಳೆಯ ಎಲೆ. ಎದುರಿಗೆ ನೆಲದ ಮೇಲೆ ಬೇರು, ಒರಟು ದಂಟು, ಹಳದಿ ತಿರುಗಿದ ಎಲೆ. ಬಲಕ್ಕೆ ಒಂದು ಅಗಲದ ತಟ್ಟೆ. ಒಳ್ಳೆಯದು ಎನ್ನಲು ಮನಸ್ಸು ಒಪ್ಪದ, ಕಸ ಎನ್ನಲು ಕೈ ಬಾರದ ಎಲೆಗಳು ಆ ತಟ್ಟೆಗೆ ಬೀಳುತ್ತಿದ್ದವು. ಅದನ್ನು ಅವಳು ಅನುಮಾನದ ತಟ್ಟೆ ಎಂದು ಕರೆಯುತ್ತಿದ್ದಳು. ಎಲ್ಲ ಮುಗಿದ ಮೇಲೆ ಆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು, ಹಿಸುಕಿ ಮೂಸಿ, ಅತ್ತಲೋ ಇತ್ತಲೋ ಎಸೆಯುವಳು. ಆಗಲೂ ತೀರ್ಮಾನವಾಗದಿದ್ದರೆ ಕಸಕ್ಕೆ.

ಬಲಗೈ ಬಳಸುವವರು ಆರಿಸಿದ್ದನ್ನು ಬಲಕ್ಕೆ ಹಾಕುತ್ತಾರೆ. ಇವಳದು ಎಲ್ಲವೂ ತಿರುಗುಮುರುಗು. ಗಿರಣಿಯ ಅಡುಗೆಮನೆಯಲ್ಲಿ ಇಪ್ಪತ್ತಮೂರು ವರ್ಷ ಕೂತು ಎದ್ದವಳು, ಅಲ್ಲಿಯ ಗೋಡೆಗಳಿಗೂ ಅವಳ ಎಡಬಲ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ, ಹೊಸಬರಿಗೆ ಅದನ್ನು ಹೇಳಿಕೊಡಬೇಕು ಎಂದು ಯಾರಿಗೂ ಹೊಳೆಯಲೇ ಇಲ್ಲ.

ಅದು ನೂಲಿನ ಗಿರಣಿ. ಒಂದು ಪಾಳಿಗೆ ನೂರೆಂಬತ್ತು ಜನ ಊಟಕ್ಕೆ ಕೂರುತ್ತಿದ್ದರು. ಹನ್ನೆರಡೂವರೆಗೆ ಸೈರನ್ನು ಕೂಗಿತೆಂದರೆ ಹತ್ತಿಯ ಧೂಳು ಕೂದಲಿಗೆ ಮೆತ್ತಿಕೊಂಡ ಹೆಂಗಸರು ಗಂಡಸರು ಬಾಗಿಲಲ್ಲಿ ನುಗ್ಗುವರು. ಅನ್ನ, ಬೇಳೆ, ಒಂದು ಪಲ್ಯ. ವಾರಕ್ಕೆರಡು ದಿನ ಆ ಪಲ್ಯ ಸೊಪ್ಪಿನದು. ಆ ಎರಡು ದಿನ ಎಡಚಕ್ಕ ಬೆಳಗ್ಗೆ ಏಳಕ್ಕೆ ಮಣೆಯ ಮೇಲೆ ಕೂತರೆ ಹನ್ನೊಂದಕ್ಕೆ ಬೆನ್ನು ನೆಟ್ಟಗೆ ಮಾಡುವಳು.

ಸೊಪ್ಪಿನ ಗುರುತು ಅವಳಿಗೆ ಸೋದರತ್ತೆಯಿಂದ ಬಂದದ್ದು. ತಾಯಿಯಿಲ್ಲದ ಹುಡುಗಿಯನ್ನು ಸಾಕಿದ ಆ ಅತ್ತೆ ಹೊಲದ ಬದುಗಳಲ್ಲಿ ತಾನಾಗಿ ಬೆಳೆದ ಸೊಪ್ಪು ಕಿತ್ತು ಮನೆಮನೆಗೆ ಮಾರುವವಳು. ಹುಡುಗಿಯ ಎಡಗೈ ಚಟ ಬಿಡಿಸಬೇಕೆಂದು ತನ್ನ ಸೆರಗಿನ ಚುಂಗಿನಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟಿ ನೋಡಿದಳು. ಬಲಗೈಯಲ್ಲಿ ಕಿತ್ತದ್ದು ಅರ್ಧ ಎಲೆ, ಅರ್ಧ ಮಣ್ಣು. ಮೂರನೇ ದಿನ ಗಂಟು ಬಿಚ್ಚಿ, "ಹೋಗೇ ಮಾರಾಯ್ತಿ, ದೇವರು ನಿನ್ನ ಒಳಗಿಂದ ಹೊರಗೆ ತಿರುಗಿಸಿ ಹೊಲೆದವನೆ, ನಾನೇನು ಮಾಡ್ಲಿ" ಎಂದು ಕೈಬಿಟ್ಟಳು. ಅದೇ ಅತ್ತೆ ಒಂದು ಗಿಡವನ್ನು ಕಾಲಿನಿಂದ ತೋರಿಸಿದ್ದಳು, ಕೈ ಮುಟ್ಟಿಸದೆ. "ಇದು ಉಮ್ಮತ್ತಿ, ದತ್ತೂರಿ ಅಂತಾರಲ್ಲ, ಆ ವಿಷದ ಗಿಡ. ದೊಡ್ಡದಾದ ಮೇಲೆ ಯಾರು ಬೇಕಾದ್ರೂ ಗುರುತು ಹಿಡೀತಾರೆ. ಎಳೇದರಲ್ಲೇ ಮೋಸ. ಇದನ್ನ ತಿಂದವರು ಹಗಲು ಹೊತ್ತಲ್ಲೇ ಗಾಳಿಯಲ್ಲಿ ಏನೇನೋ ಆರಿಸ್ತಾ ಕೂರ್ತಾರೆ."

ಓದು ಬಾರದ ಎಡಚಕ್ಕನಿಗೆ ಎಲೆಗಳೇ ಅಕ್ಷರ. ಅವಳ ಗಂಡ ದರ್ಜಿ, ಬಾಯಿಬಡುಕ. ಅವನು ದಿನವಿಡೀ ಆಡಿದ ಮಾತಿಗೆ ಇವಳು ರಾತ್ರಿ ಊಟಕ್ಕೆ ಕೂತಾಗ ಒಂದೇ "ಹೂಂ"ನಲ್ಲಿ ಉತ್ತರ ಕೊಡುವಳು. ಮಾತು ಅವಳಿಗೆ ಖರ್ಚಿನ ಬಾಬತ್ತು. ಎದ್ದರೆ ಹೇಳುವುದಿಲ್ಲ, ಹೋದರೆ ಹೇಳುವುದಿಲ್ಲ. ಆ ಗುರುವಾರವೂ ಹಾಗೇ ಆಯಿತು.

ಅವತ್ತು ಸೊಪ್ಪಿನವನು ಸೈಕಲ್ಲಿನ ಹಿಂದೆ ಹೇರಿಕೊಂಡು ತಂದದ್ದು ನಲವತ್ತು ಕಟ್ಟು ಬೆರಕೆ ಸೊಪ್ಪು. ಬೆರಕೆ ಎಂದರೆ ಐದಾರು ಬಗೆಯದು ಒಂದೇ ಕಟ್ಟಿನಲ್ಲಿ. ರುಚಿಗೆ ಅದರ ಮುಂದೆ ಇನ್ನೊಂದಿಲ್ಲ, ಬಿಡಿಸುವವರಿಗೆ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವ ಶಿಕ್ಷೆ. ಮೂವತ್ತು ಕಟ್ಟು ಸಲೀಸಾಗಿ ಮುಗಿಯಿತು. ಆಮೇಲಿನ ಕಟ್ಟುಗಳಲ್ಲಿ ಮೆತ್ತನೆಯ, ಅಂಚು ಸ್ವಲ್ಪ ವಕ್ರವಾದ, ಬೆರಳುದ್ದದ ಒಂದು ಎಳೆ ಎಲೆ ಪದೇ ಪದೇ ಸಿಗತೊಡಗಿತು. ಬದನೆ ಸಸಿಯ ಎಲೆಯಂತೆ ಇತ್ತು, ಬದನೆಯದಲ್ಲ. ಎಡಚಕ್ಕ ಅವನ್ನು ಬಲಗಡೆಯ ತಟ್ಟೆಗೆ ಹಾಕುತ್ತಾ ಹೋದಳು. ಕೊನೆಗೆ ತಟ್ಟೆಯಲ್ಲಿ ಎರಡು ಹಿಡಿ ಆಯಿತು. ಇಪ್ಪತ್ತಮೂರು ವರ್ಷದಲ್ಲಿ ಅನುಮಾನದ ತಟ್ಟೆ ಅಷ್ಟು ತುಂಬಿದ್ದೇ ಇಲ್ಲ.

ಅವಳು ಒಂದು ಎಲೆ ಹಿಸುಕಿ ಮೂಸಿದಳು. ಮೂಗಿಗೆ ಹಿತವಾಗಲಿಲ್ಲ. ಆದರೆ ಒಲೆಯ ಮೇಲೆ ಆಗಲೇ ಬೆಳ್ಳುಳ್ಳಿ ಸಿಡಿಯುತ್ತಿತ್ತು, ಆ ಘಾಟಿನಲ್ಲಿ ಯಾವ ವಾಸನೆ ಯಾವುದರದೆಂದು ಹೇಳುವುದು? ಸೊಪ್ಪಿನವನನ್ನೇ ಕೇಳಿದರಾಯಿತು, ಈ ಹೊತ್ತಿಗೆ ಅವನು ಮೂಲೆಯ ಔಷಧದಂಗಡಿ ಎದುರು ಸೈಕಲ್ ನಿಲ್ಲಿಸಿರುತ್ತಾನೆ ಎಂದುಕೊಂಡು, ಎರಡು ಎಲೆಯನ್ನು ಸೆರಗಿನ ತುದಿಗೆ ಕಟ್ಟಿ, ಎದ್ದು ಹಿಂದಿನ ಬಾಗಿಲಿನಿಂದ ಹೊರಟಳು. ಯಾರಿಗೂ ಏನೂ ಹೇಳಲಿಲ್ಲ.

ಒಲೆಯ ಬಳಿ ಇಬ್ಬರಿದ್ದರು. ಒಬ್ಬ ಹಿರಿಯ ಅಡುಗೆಯವನು ಮೂಗಣ್ಣ. ಜೀವಮಾನದಲ್ಲಿ ತನ್ನ ಅಡುಗೆಯನ್ನು ಎಂದೂ ನಾಲಿಗೆಗೆ ಇಟ್ಟು ನೋಡಿದವನಲ್ಲ. ಹಬೆಗೆ ಮೂಗು ಒಡ್ಡಿ "ಉಪ್ಪು ಅರ್ಧ ಚಮಚ ಕಮ್ಮಿ" ಎನ್ನುವ ಗತ್ತಿನವನು, ಅದಕ್ಕೇ ಆ ಹೆಸರು. ಇನ್ನೊಬ್ಬಳು ಅವನ ಹೆಂಡತಿಯ ತಂಗಿ, ಕೆಲಸಕ್ಕೆ ಸೇರಿ ನಾಲ್ಕೇ ದಿನ. ಮೂಗಣ್ಣ "ಇವಳು ನನ್ನ ನಾದಿನಿ" ಎಂದು ಪರಿಚಯ ಮಾಡಿಸಿದ್ದೇ ತಡ, ಪಾತ್ರೆ ತೊಳೆಯುವವರಿಂದ ಹಿಡಿದು ಎಲ್ಲರಿಗೂ ಅವಳು ನಾದಿನಿಯೇ ಆಗಿಹೋದಳು. ಮೂವತ್ತರ ಹೆಂಗಸು, ಚುರುಕು. ಭಾವನ ಮಾನ ಉಳಿಸಬೇಕು, ಒಳ್ಳೆಯವಳು ಅನ್ನಿಸಿಕೊಳ್ಳಬೇಕು ಎಂದು ಹೇಳದ ಕೆಲಸವನ್ನೂ ಎಳೆದುಕೊಂಡು ಮಾಡುವವಳು.

ಔಷಧದಂಗಡಿ ಎದುರು ಸೊಪ್ಪಿನವನು ಸಿಕ್ಕಿದ. ಎಡಚಕ್ಕ ಗಂಟು ಬಿಚ್ಚಿ ಎಲೆ ತೋರಿಸಿದಳು.

"ಇದು ಎಲ್ಲಿಯದೋ?"

"ಬೆರಕೆ ಸೊಪ್ಪೇ ಅಕ್ಕ. ಇವತ್ತು ನಮ್ಮ ಹೊಲದ್ದು ಸಾಲಲಿಲ್ಲ. ಹತ್ತು ಕಟ್ಟು ಬಾಮೈದನ ಹೆಂಡ್ತಿ ಕಿತ್ತು ಕೊಟ್ಲು."

"ಎಲ್ಲಿ ಕಿತ್ಲು?"

"ಗೊಬ್ಬರದ ಗುಂಡಿ ಪಕ್ಕ. ಅಲ್ಲಿ ಹುಲುಸಾಗಿ ಬರುತ್ತೆ."

ಎಡಚಕ್ಕ ಎರಡು ಎಲೆಯಲ್ಲಿ ಒಂದನ್ನು ಅಂಗೈಯಲ್ಲಿ ಉಜ್ಜಿದಳು. ಬಯಲಿನ ಗಾಳಿಯಲ್ಲಿ ವಾಸನೆ ಕಟುವಾಗಿ, ಹಳಸಿದ ಎಣ್ಣೆಯಂತೆ ಎದ್ದಿತು. ಅತ್ತೆ ಕಾಲಿನಿಂದ ತೋರಿಸಿದ ಗಿಡ ಕಣ್ಣ ಮುಂದೆ ಬಂದು ನಿಂತಿತು.

"ಯಾರ್ಯಾರಿಗೆ ಮಾರಿದ್ಯೋ ಇದನ್ನ?"

"ಯಾರಿಗೂ ಇಲ್ಲ. ಆ ಹತ್ತೂ ಗಿರಣಿಗೇ ಬಂತು. ಯಾಕಕ್ಕ, ಮುಖ ಯಾಕೆ ಹಾಗಾಯ್ತು?"

"ಏನಿಲ್ಲ. ಆ ಗುಂಡಿ ಹತ್ರ ಇನ್ಮೇಲೆ ಕೀಳ್ಬೇಡ ಅನ್ನು." ಒಳಗೊಳಗೇ ಅವಳಿಗೆ ಸಮಾಧಾನವೇ ಆಗಿತ್ತು. ಎಲ್ಲ ತಟ್ಟೆಯಲ್ಲಿದೆ, ಹೋದೊಡನೆ ಕಸಕ್ಕೆ ಸುರಿದರಾಯಿತು.

ಹೋಗಿ ನೋಡಿದರೆ ಮಣೆಯ ಬಲಗಡೆ ತಟ್ಟೆಯಿಲ್ಲ.

ತಟ್ಟೆ ತೊಳೆದು ಗೋಡೆಗೆ ಒರಗಿಸಿತ್ತು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಇದರಲ್ಲಿದ್ದ ಸೊಪ್ಪು ಎಲ್ಲಿ?" ಎಡಚಕ್ಕ ಕೇಳಿದಳು.

ನಾದಿನಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಕ್ಕಳು. "ನೀವು ಆರಿಸಿ ಬಲಗಡೆ ಇಟ್ಟಿದ್ರಲ್ಲ ಅಕ್ಕ, ಎಲ್ಲಾದ್ರಲ್ಲೂ ಎಳೇದು ಅದೇ ಇತ್ತು. ಬುಟ್ಟಿದೆಲ್ಲ ಬಾಣಲೆಗೆ ಹೋಗಿ ಕುಗ್ಗಿದ ಮೇಲೆ, ಅದನ್ನ ತೊಳೆದು ಸಣ್ಣಗೆ ಹೆಚ್ಚಿ ಮೇಲೆ ಉದುರಿಸಿದೆ. ಎಳೇದನ್ನ ಕೊನೇಲಿ ಹಾಕ್ಬೇಕು ಅಂತ ನಮ್ಮಕ್ಕ ಹೇಳಿಕೊಟ್ಟಿದ್ಲು."

ಎಡಚಕ್ಕ ಗೋಡೆಯ ಗಡಿಯಾರದ ಕಡೆ ತಿರುಗಿದಳು. ಓದು ಬಾರದಿದ್ದರೂ ಮುಳ್ಳುಗಳ ಲೆಕ್ಕ ಅವಳಿಗೆ ಗೊತ್ತಿತ್ತು. ಹನ್ನೆರಡಕ್ಕೆ ಐದು ನಿಮಿಷ ಕಮ್ಮಿ.

ಬಾಣಲೆ ಎಂದರೆ ಇಬ್ಬರು ಹಿಡಿದು ಇಳಿಸುವಂಥದು. ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆ ಕೊಟ್ಟು ಅದರ ಮೇಲೆ ಹಸಿರು ಗುಡ್ಡದಂತೆ ಸೊಪ್ಪು ಪೇರಿಸಿದರೆ, ನೋಡನೋಡುತ್ತಿದ್ದಂತೆ ಗುಡ್ಡ ಇಳಿದು ತಳ ಹಿಡಿಯುತ್ತದೆ. ಆಮೇಲೆಯೇ ಉಪ್ಪು. ಮೊದಲೇ ಹಾಕಿದವನು ಗುಡ್ಡ ನೋಡಿ ಮೋಸ ಹೋಗಿ ಪಲ್ಯವನ್ನು ಸಮುದ್ರ ಮಾಡುತ್ತಾನೆ ಎಂದು ಮೂಗಣ್ಣ ಎಲ್ಲರಿಗೂ ಪಾಠ ಹೇಳುತ್ತಿದ್ದ. ಈಗ ಗುಡ್ಡ ಇಳಿದಿತ್ತು. ಉಪ್ಪೂ ಬಿದ್ದಿತ್ತು. ಮುಚ್ಚಳವಿಲ್ಲದ ಬಾಣಲೆಯಲ್ಲಿ ಕಡುಹಸಿರು ಪಲ್ಯ ಘಮಘಮ ಎನ್ನುತ್ತಿತ್ತು.

ಬಾಯಿ ಬಿಟ್ಟು ಹೇಳಬೇಕಾದದ್ದು ಆಗಲೇ. ಅವಳು ಹೇಳಲಿಲ್ಲ. ಹೇಳಿದರೆ ಮೊದಲು ಈ ಹೊಸಬಳ ಕತ್ತಿಗೆ ಬರುತ್ತದೆ, ಆಮೇಲೆ ತನ್ನದಕ್ಕೆ. ಯಾರು ತಟ್ಟೆ ಬಿಟ್ಟು ಎದ್ದವಳು, ಯಾರು ಒಂದು ಮಾತೂ ಆಡದೆ ಹೋದವಳು ಎಂದು ಕೇಳುವುದಿಲ್ಲವೇ? ಅವಳು ಜಾಲರಿ ಸೌಟು ತೆಗೆದುಕೊಂಡು ಪಲ್ಯ ಕೆದಕತೊಡಗಿದಳು. ಎಲ್ಲೋ ಒಂದು ಕಡೆ ಗುಂಪಾಗಿ ಸಿಕ್ಕೀತು, ಎತ್ತಿ ಎಸೆದೇನು ಎಂಬ ಹುಚ್ಚು ಆಸೆ. ಹೆಚ್ಚಿ ಬೆಂದ ಮೇಲೆ ಎಲ್ಲ ಎಲೆಯ ಬಣ್ಣವೂ ಒಂದೇ. ಮೇಲಿನದು ಕೆಳಗಾಗಿ, ಇದ್ದದ್ದೂ ಬೆರೆತುಹೋಯಿತು. ಐದು ನಿಮಿಷ ಹಾಗೇ ಕಳೆಯಿತು.

"ಏನು ಎಡಚಕ್ಕ, ಉಂಗುರ ಬಿತ್ತಾ?" ಎಂದ ಮೂಗಣ್ಣ.

"ಇದನ್ನ ಬಡಿಸ್ಬೇಡ."

"ಏನಂದೆ?"

"ಪಲ್ಯ ಬಡಿಸ್ಬೇಡ. ಉಮ್ಮತ್ತಿ ಸೊಪ್ಪು ಬಿದ್ದಿದೆ ಇದರಲ್ಲಿ. ಎರಡು ಹಿಡಿ." ಉಳಿದಿದ್ದ ಒಂದು ಎಲೆಯನ್ನು ಅವನ ಮುಂದೆ ಹಿಡಿದಳು.

ಮೂಗಣ್ಣ ಎಲೆ ನೋಡಿದ, ಮೂಸಿದ. ಬೆಳಗ್ಗೆಯಿಂದ ಒಗ್ಗರಣೆ ಹೊಗೆ ಕುಡಿದ ಮೂಗು ಅದು. "ಬದನೆ ಸಸಿ. ಇದಕ್ಕೆ ಇಷ್ಟು ರಂಪವೇ?"

"ಬದನೆ ಅಲ್ಲ. ನಾನು ಬೇರೆ ಇಟ್ಟಿದ್ದೆ, ಅನುಮಾನದ ತಟ್ಟೇಲಿ."

"ಹಾಗಾದ್ರೆ ಹಾಕಿದ್ದು ಯಾರು?"

ಎಡಚಕ್ಕ ಹೆಸರು ಹೇಳಬೇಕಾಗಲೇ ಇಲ್ಲ. ನಾದಿನಿಯ ಮುಖ ಸುಣ್ಣವಾಗಿತ್ತು. ಮೂಗಣ್ಣ ಅದನ್ನು ನೋಡಿದ. ನೋಡಿದ್ದೇ ಅವನ ದನಿ ಬದಲಾಯಿತು.

"ಓಹೋ. ನಾಲ್ಕು ದಿನದಿಂದ ನೋಡ್ತಾ ಇದೀನಿ. ನನ್ನ ಕಡೆಯವಳು ಬಂದಳು ಅಂತ ನಿನ್ನ ಹೊಟ್ಟೇಲಿ ಕಿಚ್ಚು."

"ಕಿಚ್ಚು ಒಲೇಲಿದೆ ಮಾರಾಯ, ಮೊದಲು ಅದನ್ನ ಆರಿಸು. ನೂರೆಂಬತ್ತು ಜನ ಬರ್ತಾರೆ ಈಗ. ಅದರಲ್ಲಿ ನಾಲ್ಕು ಜನ ಬಸುರಿಯರಿದಾರೆ."

"ಬೆಂದ ಮೇಲೆ ಯಾವ ವಿಷ ಉಳಿಯುತ್ತೆ? ಇರು, ನಾನೇ ತಿಂದು ತೋರಿಸ್ತೀನಿ, ಆಗ ನಂಬ್ತೀಯಲ್ಲ!"

ಜೀವಮಾನದಲ್ಲಿ ರುಚಿ ನೋಡದವನು ಸೌಟು ತುಂಬಿ ಬಾಯಿಗೆ ಎತ್ತಿದ. ಎಡಚಕ್ಕ ಅವನ ಮಣಿಕಟ್ಟಿಗೆ ಹೊಡೆದ ರಭಸಕ್ಕೆ ಸೌಟು ಹಾರಿ ಅಕ್ಕಿ ಡಬ್ಬಿಗೆ ಬಡಿದು ಠಣಾರೆಂದಿತು. ಪಾತ್ರೆ ತೊಳೆಯುವವರು ಕೈ ನಿಲ್ಲಿಸಿದರು. ಐವತ್ತೇಳು ವರ್ಷದ ಎಡಚಕ್ಕ ಯಾರ ಮೇಲೂ ಕೈ ಎತ್ತಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಅವಳು ನಾದಿನಿಯ ಕಡೆ ತಿರುಗಿದಳು. "ನೀನು ರುಚಿ ನೋಡಿದ್ಯಾ? ನಿಜ ಹೇಳು ತಾಯಿ."

ನಾದಿನಿ ಭಾವನ ಮುಖ ನೋಡಿದಳು. ಬಡಿಸುವ ಮೊದಲು ತಿಂದವರನ್ನು ಕಂಡರೆ ಮೂಗಣ್ಣನಿಗೆ ಮೂಗಿನ ಮೇಲೇ ಕೋಪ ಎಂಬುದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು.

"ಇಲ್ಲ. ನಾನು ತಿಂದಿಲ್ಲ," ಎಂದಳು.

ಆ ಹೊತ್ತಿಗೆ ಬಡಿಸುವ ಹೆಂಗಸರು ತಳ್ಳುಗಾಡಿ ದೂಡಿಕೊಂಡು ಬಂದೇಬಿಟ್ಟರು. "ಮೂಗಣ್ಣ, ಪಲ್ಯ ತುಂಬು, ಹೊತ್ತಾಯ್ತು!" ಮೂಗಣ್ಣ ಬಾಣಲೆಯ ಒಂದು ಕಿವಿಗೆ ಬಟ್ಟೆ ಸುತ್ತಿ, "ಹಿಡಿಯೇ ಆ ಕಡೆ" ಎಂದು ನಾದಿನಿಗೆ ಹೇಳಿದ.

ಎಡಚಕ್ಕ ಸುತ್ತ ನೋಡಿದಳು. ಮಾತಿನಿಂದ ಆಗುವ ಕೆಲಸ ಮುಗಿದಿತ್ತು. ಪಾತ್ರೆ ತೊಳೆಯುವ ಕಟ್ಟೆಯ ಕೆಳಗೆ ಮುಸುರೆ ನೀರಿನ ಬಕೆಟ್ಟಿತ್ತು. ಬೂದುಬಣ್ಣದ ಜಿಡ್ಡು ನೀರು, ಮೇಲೆ ನಿನ್ನೆಯ ಅನ್ನದ ಅಗುಳು ತೇಲುತ್ತಿತ್ತು. ಅವಳು ಅದನ್ನು ಎತ್ತಿ ತಂದು ಪಲ್ಯದ ಮೇಲೆ ಸುರಿದಳು. ಒಂದು ಹನಿ ಉಳಿಸದಂತೆ ಬಕೆಟ್ಟು ಬೋರಲು ಹಾಕಿದಳು.

ಬಿಸಿ ಬಾಣಲೆ ಬುಸ್ಸೆಂದಿತು. ಬಡಿಸುವ ಹೆಂಗಸರು ತಳ್ಳುಗಾಡಿಯನ್ನು ಹಿಂದಕ್ಕೆ ಎಳೆದರು.

ಮೇಲ್ವಿಚಾರಕಿ ಬಂದಳು. ಮಣಿಕಟ್ಟು ನೋಡದೆ ಮಾತಾಡಲಾರದ ಹೆಂಗಸು, ಬೆನ್ನ ಹಿಂದೆ ಎಲ್ಲರ ಬಾಯಲ್ಲೂ ಗಡಿಯಾರದಮ್ಮ. ಬಾಣಲೆ ನೋಡಿದಳು, ವಾಚು ನೋಡಿದಳು. "ಸೈರನ್ನಿಗೆ ಕಾಲು ಗಂಟೆ ಇದೆ. ಯಾರು ಮಾಡಿದ್ದು ಇದು?"

"ನಾನು," ಎಂದಳು ಎಡಚಕ್ಕ. ಕಾರಣ ಹೇಳಿದಳು. ಎಲೆ ತೋರಿಸಿದಳು. ಗಡಿಯಾರದಮ್ಮನಿಗೆ ಎಲೆ ಎಂದರೆ ಎಲೆ.

"ಮೂಗಣ್ಣ, ನೀನೇನಂತೀಯ?"

"ಬದನೆ ಸಸಿ ಅಂತೀನಿ. ಇವಳಿಗೆ ವಯಸ್ಸಾಯ್ತು."

"ಸರಿ. ಎಡಚಕ್ಕ, ನೀನು ಮನೆಗೆ ಹೋಗು. ನಾಳೆಯಿಂದ ಬರ್ಬೇಡ, ಹೇಳಿ ಕಳಿಸ್ತೀನಿ."

ಹೇಳಿ ಕಳಿಸುತ್ತೇನೆ ಎಂದರೆ ಕಳಿಸುವುದಿಲ್ಲ ಎಂದು ಅರ್ಥ. ಎಡಚಕ್ಕ ತಲೆಯಾಡಿಸಿದಳು. ಬಾಣಲೆ ಖಾಲಿಯಾಗುವವರೆಗೆ ಮಾತ್ರ ಕದಲಲಿಲ್ಲ. ಹಿಂಭಾಗದ ಗುಂಡಿಗೆ ಅದನ್ನು ಸುರಿಸಿ, ಮೇಲೆ ಮಣ್ಣು ಎಳೆಸಿ, ಆಮೇಲೆ ಕೈಚೀಲ ಹುಡುಕಿದಳು. ಸೈರನ್ನು ಕೂಗಿತು. ಊಟದ ಮನೆಯಿಂದ "ಪಲ್ಯ ಎಲ್ಲಿ? ಪಲ್ಯ ಏನು ನೂಲಿಗೆ ಹೋಯ್ತಾ?" ಎಂಬ ಗದ್ದಲ, ತಟ್ಟೆ ಬಡಿಯುವ ಸದ್ದು. ಬೈದುಕೊಳ್ಳಲಿ. ಬೈಯುವುದಕ್ಕೆ ಬಾಯಿ ನೆಟ್ಟಗಿದ್ದರೆ ಸಾಕು.

ಚಪ್ಪಲಿಗೆ ಕಾಲು ತೂರಿಸುವಾಗ, ನೀರಿನ ಹೂಜಿಯ ಹತ್ತಿರ ನಾದಿನಿ ನಿಂತಿರುವುದು ಕಾಣಿಸಿತು. ಒಂದು ಲೋಟ ಕುಡಿದಳು. ಇನ್ನೊಂದು. ಮತ್ತೊಂದು. ನಾಲ್ಕನೆಯದು ತುಂಬುವಾಗ ನೀರು ಲೋಟದ ಹೊರಗೆ ಬಿತ್ತು.

"ಬಾಯಿ ಒಣಗ್ತಾ ಇದೆ," ಎಂದಳು ಪಾತ್ರೆ ತೊಳೆಯುವವಳಿಗೆ. "ಹೆದರಿಕೆಗೆ ಇರ್ಬೇಕು." ಆಮೇಲೆ ಕೈ ಎತ್ತಿ ಎದುರಿನ ಗಾಳಿಯಿಂದ ಏನನ್ನೋ ಎರಡು ಬೆರಳಿನಲ್ಲಿ ಹಿಡಿದು ಎಳೆದಳು. "ಇಷ್ಟೊಂದು ನೂಲು ಇಲ್ಲಿ ಯಾರು ಬಿಟ್ರು?"

ಪಾತ್ರೆ ತೊಳೆಯುವವಳು ನಕ್ಕಳು. ನೂಲಿನ ಗಿರಣಿಯಲ್ಲವೇ, ಎಳೆ ಹಾರಾಡುವುದು ಹೊಸದೇ?

ಎಡಚಕ್ಕ ನಗಲಿಲ್ಲ. ಒಂದೇ ಉಸಿರಿಗೆ ಓಡಿ ಹೋಗಿ ನಾದಿನಿಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಹಾಡುಹಗಲು, ಕಿಟಕಿಯ ಎದುರು. ಆದರೂ ಕಣ್ಣಿನ ಕರಿಗುಡ್ಡೆ ಅಗಲವಾಗಿ ಸುತ್ತಲಿನ ಕಂದು ಬಣ್ಣವನ್ನೆಲ್ಲ ನುಂಗಿಬಿಟ್ಟಿತ್ತು. ಕೆನ್ನೆ ಕೆಂಡದಂತೆ ಸುಡುತ್ತಿತ್ತು.

"ಎಷ್ಟು ತಿಂದೆ?"

"ತಿಂದಿಲ್ಲ ಅಕ್ಕ..."

"ಎಷ್ಟು ತಿಂದೆ ಹೇಳೇ! ನಿಮ್ಮ ಭಾವ ಇಲ್ಲಿಲ್ಲ."

ನಾದಿನಿ ಎರಡು ಕೈಯನ್ನೂ ಬೊಗಸೆ ಮಾಡಿ ತೋರಿಸಿದಳು. ಬೆಳಗ್ಗೆ ಏನೂ ತಿನ್ನದೆ ಬಂದವಳು, ಉಪ್ಪು ನೋಡುವ ನೆಪದಲ್ಲಿ ಒಂದು ಬಟ್ಟಲು, ಅದೂ ಮೇಲೆ ಉದುರಿಸಿದ ಎಳೆಯದನ್ನೇ. ಎಡಚಕ್ಕ ಬಾಗಿಲಿನಿಂದ ಬರುವುದಕ್ಕೆ ಕಾಲು ಗಂಟೆ ಮೊದಲೇ ಬಟ್ಟಲು ತೊಳೆದಿಟ್ಟಾಗಿತ್ತು.

"ಗಾಡಿ!" ಎಂದು ಎಡಚಕ್ಕ ಕೂಗಿದ ಕೂಗು ಊಟದ ಮನೆಯ ಗದ್ದಲವನ್ನು ಸೀಳಿತು.

ಗಿರಣಿಯ ನೂಲು ಸಾಗಿಸುವ ವ್ಯಾನಿನಲ್ಲಿ ನಾದಿನಿಯನ್ನು ಮಲಗಿಸಿದರು. ಮೂಗಣ್ಣ ಅವಳ ತಲೆ ಹಿಡಿದಿದ್ದ, ಎಡಚಕ್ಕ ಕಾಲು. ದಾರಿಯುದ್ದಕ್ಕೂ ಆಕೆ ಇಲ್ಲದ ಎಳೆಗಳನ್ನು ಆರಿಸಿ ಇಲ್ಲದ ಉಂಡೆಗೆ ಸುತ್ತಿದಳು, ಸತ್ತುಹೋದ ಅಜ್ಜಿಯ ಜೊತೆ ಜಗಳ ಆಡಿದಳು. ಮೂಗಣ್ಣ ಒಮ್ಮೆ ಎಡಚಕ್ಕನ ಕಡೆ ನೋಡಿ ಏನೋ ಹೇಳಹೋದ. ಆಮೇಲೆ ಹೆಗಲ ಬಟ್ಟೆ ತೆಗೆದು ನಾದಿನಿಯ ತಲೆಯ ಕೆಳಗೆ ಇಟ್ಟ.

ಡಾಕ್ಟರು ಎಳೆ ವಯಸ್ಸಿನವಳು. ಕಣ್ಣಿಗೆ ಟಾರ್ಚು ಹಿಡಿದು ನೋಡಿದೊಡನೆ, "ಏನು ತಿಂದಿದಾರೆ?" ಎಂದಳು. ಎಡಚಕ್ಕ ಸೆರಗಿನ ಗಂಟು ಬಿಚ್ಚಿ ಬಾಡಿದ ಎಲೆಯನ್ನು ಕೊಟ್ಟಳು. "ಇದು. ಉಮ್ಮತ್ತಿ. ಒಂದು ಬಟ್ಟಲು ಪಲ್ಯದಲ್ಲಿ. ಹನ್ನೊಂದೂವರೆ ಹೊತ್ತಿಗೆ."

"ಎಲೇನೇ ತಂದಿದೀರಾ! ಒಳ್ಳೇದಾಯ್ತು." ನರ್ಸನ್ನು ಕರೆದು ಏನೇನೋ ಹೇಳಿ, ಥಟ್ಟನೆ ತಿರುಗಿದಳು. "ಗಿರಣಿ ಊಟ ಅಂದ್ರಲ್ಲ. ಇನ್ನೂ ಎಷ್ಟು ಜನ ತಿಂದಿದಾರೆ? ನಾನು ಮಂಚ ಖಾಲಿ ಮಾಡಿಸ್ಬೇಕು, ಬೇಗ ಹೇಳಿ."

ಮೂಗಣ್ಣ ನೆಲ ನೋಡಿದ.

"ಇವಳೊಬ್ಬಳೇ," ಎಂದಳು ಎಡಚಕ್ಕ.

"ಖಂಡಿತಾನಾ? ಮಿಕ್ಕವರು?"

"ಮಿಕ್ಕವರು ನನ್ನ ಬೈಕೊಂಡು ಬರೀ ಬೇಳೆ ಅನ್ನ ತಿಂದ್ರು."

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಇಬ್ಬರೂ ನಡುವೆ ಒಬ್ಬರಿಗೆ ಜಾಗ ಬಿಟ್ಟು ಕೂತರು. ಒಳಗೆ ಮಂಚದ ಕಬ್ಬಿಣ ಗಡಗಡ ಅಲುಗುವುದು ಕೇಳಿಸುತ್ತಿತ್ತು, ಆಮೇಲೆ ನರ್ಸುಗಳ ದನಿ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ಹೆಚ್ಚು ಹೆದರಿಸಿತು. ಮೂರು ಗಂಟೆ ಹೊತ್ತಿಗೆ ಗಡಿಯಾರದಮ್ಮ ಬಂದಳು. ಅವತ್ತು ಅವಳು ಮಣಿಕಟ್ಟು ನೋಡಲಿಲ್ಲ. "ಎಡಚಕ್ಕ, ನಾನು ಆಡಿದ ಮಾತು..." ಎಂದು ಶುರು ಮಾಡಿದಳು.

"ಅದು ಆಮೇಲಿರ್ಲಿ ಅಮ್ಮ. ಅವಳು ಏಳ್ಲಿ ಮೊದಲು."

ಗಡಿಯಾರದಮ್ಮ ಹೋದ ಮೇಲೆ ಮೂಗಣ್ಣ ಬಾಯಿಬಿಟ್ಟ. "ಎದ್ದು ಹೋಗುವಾಗ ಒಂದು ಮಾತು ಹೇಳ್ಬಾರ್ದಿತ್ತಾ ನೀನು? ಇದನ್ನ ಮುಟ್ಬೇಡಿ ಅಂತ. ಒಂದೇ ಒಂದು ಮಾತು."

ಎಡಚಕ್ಕನಿಗೆ ಹೇಳಲು ಬೇಕಾದಷ್ಟಿತ್ತು. ಬದನೆ ಸಸಿ ಎಂದವರು ಯಾರು ಎಂದು ಕೇಳಬಹುದಿತ್ತು. ಕೇಳಲಿಲ್ಲ.

"ಹೇಳ್ಬೇಕಿತ್ತು," ಎಂದಳು. "ಬಂದ ಮೇಲೂ ಐದು ನಿಮಿಷ ಬಾಯಿ ಕಟ್ಟಿಕೊಂಡು ಪಲ್ಯ ಕೆದಕಿದೆ. ಅದೂ ತಪ್ಪೇ."

ಮೂಗಣ್ಣ ಬೆಂಚಿನ ಮೇಲೆ ಸ್ವಲ್ಪ ಹತ್ತಿರ ಸರಿದು ಕೂತ.

ಸಂಜೆ ಆರಕ್ಕೆ ನರ್ಸು ಬಾಗಿಲಿಗೆ ಬಂದು, "ಜನರ ಗುರುತು ಹಿಡೀತಾ ಇದಾರೆ. ಒಬ್ಬರು ಬರಬಹುದು" ಎಂದಳು. ಮೂಗಣ್ಣ ಎದ್ದು ಹೋದ. ಐದು ನಿಮಿಷವಾದ ಮೇಲೆ ಹೊರಗೆ ಬಂದಾಗ ಅವನ ಮುಖ ನಗುವಿನದೋ ಅಳುವಿನದೋ ತಿಳಿಯುವಂತಿರಲಿಲ್ಲ.

"ನನ್ನ ನೋಡಿದ ತಕ್ಷಣ ಏನಂದ್ಲು ಗೊತ್ತಾ? 'ಭಾವ, ಆಣೆ ಮಾಡಿ ಹೇಳ್ತೀನಿ, ನಾನು ತಿಂದೇ ಇಲ್ಲ' ಅಂದ್ಲು." ಅವನು ಹೆಗಲ ಮೇಲಿನ ಬಟ್ಟೆಯಿಂದ ಮೂಗು ಒರೆಸಿಕೊಂಡ. "ಅಷ್ಟು ಹೆದರಿಸಿಟ್ಟಿದೀನಾ ನಾನು?"

ಎಡಚಕ್ಕ ಒಳಗೆ ಹೋದಳು. ನಾದಿನಿಗೆ ಬೆಳಕು ಇನ್ನೂ ಕಣ್ಣು ಕುಕ್ಕುತ್ತಿತ್ತು. ಇವಳನ್ನು ಕಂಡು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು.

"ಇನ್ಮೇಲೆ ಹಸಿವಾದ್ರೆ ಹೇಳಿ ತಿನ್ನು," ಎಂದಳು ಎಡಚಕ್ಕ, ಮಂಚದ ಪಕ್ಕ ಸ್ಟೂಲು ಎಳೆಯುತ್ತಾ. "ನಾನೂ ಎದ್ದೋಗುವಾಗ ಹೇಳಿ ಹೋಗ್ತೀನಿ." ಕೂತ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಬಾಗಿಲ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದಳು. "ಮೂಗಣ್ಣ, ನಾನು ಇಲ್ಲೇ ಇರ್ತೀನಿ, ಬೆಳಗಾಗೋವರೆಗೆ. ನೀನು ಮನೆಗೆ ಹೋಗಿ ನಿನ್ನ ಹೆಂಡ್ತಿಗೆ ಸುದ್ದಿ ಹೇಳು. ದಾರೀಲಿ ನಮ್ಮ ದರ್ಜಿಗೂ ಹೇಳು, ಇಲ್ದಿದ್ರೆ ಊರೆಲ್ಲ ಹುಡುಕ್ತಾನೆ."

ಒಂದೇ ಬಾರಿಗೆ ಅವಳು ಅಷ್ಟು ಮಾತಾಡಿದ್ದನ್ನು ಮೂಗಣ್ಣ ಅದೇ ಮೊದಲು ಕೇಳಿದ್ದು.